ಎಲ್ಲಿಗ್ ಓಯ್ತೀಯವ್ವ ಅದ್ರಲ್ಲಿ?

ಹೋದ ಯುಗಾದಿಗೆ ಊರಿಗೆ ಹೋಗಿದ್ದಾಗ ಅಪ್ಪನಿಗೆ ವಿಷಯ ಹೇಳಿದೆ. ನಾವು ನಾಲ್ಕು ಜನ ಸೇರಿ ಒಂದು ಸಣ್ಣ ವಿಮಾನ ತಗೊಳ್ಳಬೇಕು ಅಂತಿದ್ದೇವೆ, ಸೆಕೆಂಡ್ ಹ್ಯಾಂಡ್, ಪುಟ್ಟದು ಅಂತ. ಅಪ್ಪ ಜಗಲಿ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ನಾನು ವಿಮಾನ ಹಾರಿಸಲು ಕಲಿತಿದ್ದು ಅವರಿಗೆ ಹೊಸದಲ್ಲ. ಲೈಸೆನ್ಸ್ ಬಂದ ದಿನ ಅರಳಿಕಟ್ಟೆ ಮೇಲೆ ಕೂತವರಿಗೆಲ್ಲ ಹೇಳಿ ಬಂದವರು ಅವರೇ. ಆದರೆ ಕೊಳ್ಳುವ ಮಾತು ಕೇಳಿ ಸುಣ್ಣ ಸವರುವ ಕೈ ನಿಂತಿತು.

"ಎಲ್ಲಿಗ್ ಓಯ್ತೀಯವ್ವ ಅದ್ರಲ್ಲಿ?"

"ಅಂಪಿಗ್ ಓಗ್ಬೋದು ಕಣಪ್ಪ. ಎಲ್ಡ್ ಗಂಟೆ ಸಾಕು."

"ವರ್ಸಕ್ ಎಷ್ಟ್ ಸಲ ಓಯ್ತೀಯ ಅಂಪಿಗೆ?"

ನಾನು ಉತ್ತರ ಕೊಡಲಿಲ್ಲ. ಅವರೂ ಮತ್ತೆ ಕೇಳಲಿಲ್ಲ. ಎಲೆ ಮಡಿಸಿ ಬಾಯಿಗಿಟ್ಟುಕೊಂಡು ಕಬ್ಬಿನ ಕಟಾವಿನ ಮಾತಿಗೆ ಹೋದರು. ಆದರೆ ಸಂಜೆ ಮೈಸೂರಿಗೆ ಬರುವ ದಾರಿಯಲ್ಲಿ ಶ್ರೀರಂಗಪಟ್ಟಣ ದಾಟಿದರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮೂರು ತಿಂಗಳಿಂದ ನಾವು ನಾಲ್ವರು ಎಂಜಿನ್, ರೆಕ್ಕೆ, ರೇಡಿಯೋ, ಬಣ್ಣ ಎಲ್ಲದರ ಬಗ್ಗೆ ಮಾತಾಡಿದ್ದೆವು. ಎಲ್ಲಿಗೆ ಹೋಗುತ್ತೇವೆ, ಎಷ್ಟು ಸಲ ಹೋಗುತ್ತೇವೆ ಅಂತ ಒಬ್ಬರೂ ಕೇಳಿರಲಿಲ್ಲ.

ಮನೆಗೆ ಬಂದವಳು ನನ್ನ ಲಾಗ್‌ಬುಕ್ ತೆಗೆದು ಕೂತೆ. ಹಾರಿದ ಪ್ರತಿ ನಿಮಿಷವನ್ನೂ ಅದರಲ್ಲಿ ಬರೆಯಬೇಕಲ್ವಾ, ಹಾಗಾಗಿ ಅದರಲ್ಲಿ ಸುಳ್ಳಿಗೆ ಜಾಗವಿಲ್ಲ. ಹಿಂದಿನ ಎರಡು ವರ್ಷದಲ್ಲಿ ಬಾಡಿಗೆ ವಿಮಾನದಲ್ಲಿ 44 ಸಲ ಹಾರಿದ್ದೆ. ಅದರಲ್ಲಿ 38 ಸಲ ಹಾರಿದ್ದು ಒಂದು ಗಂಟೆಗಿಂತ ಕಡಿಮೆ, ಹೊರಟ ಜಾಗಕ್ಕೇ ವಾಪಸ್. ಪಕ್ಕದಲ್ಲಿ ಒಬ್ಬರು ಕೂತಿದ್ದು 19 ಸಲ. ಹಿಂದಿನ ಸೀಟಿನಲ್ಲಿ ಯಾರಾದರೂ ಕೂತಿದ್ದು ಎರಡೇ ಸಲ. ಹಂಪಿಗೆ ಒಂದು ಸಲವೂ ಹೋಗಿಲ್ಲ. ನಕ್ಷೆಯಲ್ಲಿ ಮೈಸೂರಿನ ವಿಮಾನ ನಿಲ್ದಾಣವಿರುವ ಮಂಡಕಳ್ಳಿಯಿಂದ ಹಂಪಿ ಹತ್ತಿರದ ತೋರಣಗಲ್ಲಿನ ಏರ್‌ಸ್ಟ್ರಿಪ್‌ಗೆ ಗೆರೆ ಎಳೆದು, 325 ಕಿ.ಮೀ. ಅಂತ ಅಳತೆ ಹಾಕಿಟ್ಟು ಮೂರು ವರ್ಷವಾಗಿದೆ.

ಆ ರಾತ್ರಿಯೇ ನಮ್ಮ ಪಟ್ಟಿಯಿಂದ ನಾಲ್ಕು ಸೀಟಿನ ವಿಮಾನಗಳನ್ನೆಲ್ಲ ಹೊಡೆದು ಹಾಕಿದೆ. ಬೇಜಾರಾಯಿತು, ನಿಜ. ಸೆಸ್ನಾ 172 ಅಂದರೆ ಯಾರಿಗೆ ಇಷ್ಟವಿಲ್ಲ ಹೇಳಿ? 1955ರಲ್ಲಿ ಮೊದಲು ಹಾರಿದ್ದು, ಇವತ್ತಿನವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. ಪ್ರಪಂಚದಲ್ಲಿ ಬೇರೆ ಯಾವ ವಿಮಾನವನ್ನೂ ಅಷ್ಟು ಸಂಖ್ಯೆಯಲ್ಲಿ ಮಾಡಿಲ್ಲ. ಆದರೆ ಅದು ಗಂಟೆಗೆ 30 ಲೀಟರ್‌ಗೂ ಜಾಸ್ತಿ ಕುಡಿಯುತ್ತದೆ. ಎರಡು ಸೀಟಿನ ಸೆಸ್ನಾ 152ಕ್ಕೆ 22–23 ಲೀಟರ್ ಸಾಕು. ಎರಡು ವರ್ಷದಲ್ಲಿ ಎರಡು ಸಲ ತುಂಬಿದ ಹಿಂದಿನ ಸೀಟನ್ನು ಉಳಿದ 42 ಸಲ ಖಾಲಿ ಹೊತ್ತುಕೊಂಡು ಹೋಗಲು ಗಂಟೆಗೆ ಎಂಟು–ಹತ್ತು ಲೀಟರ್ ಕೊಡಬೇಕಾ? ವರ್ಷಕ್ಕೆ ಒಂದು ಸಲ ಎಲ್ಲರನ್ನೂ ಕರೆದುಕೊಂಡು ಹೋಗಬೇಕು ಅನ್ನಿಸಿದರೆ ಆವತ್ತು ನಾಲ್ಕು ಸೀಟಿನದನ್ನು ಬಾಡಿಗೆಗೆ ತಗೊಳ್ಳಬಹುದು.

ಟ್ರ್ಯಾಕ್ಟರ್ ನೋಡಲು ಹೋದ ದಿನ

ಅಪ್ಪ ಆ ಪ್ರಶ್ನೆಯನ್ನು ಸುಮ್ನೆ ಕೇಳಿದ್ದಲ್ಲ. ನಾನು ಎಸ್ಸೆಸ್ಸೆಲ್ಸಿ ಓದುತ್ತಿದ್ದಾಗ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ತರಬೇಕು ಅಂತ ಹೊರಟರು. ಅವರಿಗೆ ಓದಲು ಬರುವುದಿಲ್ಲ. "ನೀ ಬಾರವ್ವ, ಕಾಗ್ದ ಓದೀವಂತೆ" ಅಂತ ನನ್ನನ್ನು ಕರೆದುಕೊಂಡು ಹೋದರು. ಪಾಂಡವಪುರದ ಕಡೆ ಒಂದು ಹಳ್ಳಿ. ಮಾರುವವರು ಟ್ರ್ಯಾಕ್ಟರ್ ತೊಳೆದು, ಹೊಸ ಬಣ್ಣ ಹೊಡೆಸಿ, ತೆಂಗಿನ ಮರದ ನೆರಳಲ್ಲಿ ನಿಲ್ಲಿಸಿದ್ದರು. ನನ್ನ ಕಣ್ಣಿಗಂತೂ ಹೊಸದೇ ಅನ್ನಿಸಿತು.

ಅಪ್ಪ ನಮಸ್ಕಾರ ಹೇಳಿದರು. ಬೆಲೆ ಕೇಳಲಿಲ್ಲ. ಸೀದಾ ಹೋಗಿ ಎಂಜಿನ್ ಪಕ್ಕಕ್ಕೆ ಅಂಗೈ ಇಟ್ಟರು. ಹಸುವಿನ ಜ್ವರ ನೋಡುವಾಗ ಕಿವಿ ಹಿಡಿಯುತ್ತಾರಲ್ಲ, ಹಾಗೆ. ಒಂದು ಕ್ಷಣ ಇಟ್ಟು ತೆಗೆದು, ಮಾರುವವರ ಕಡೆ ತಿರುಗಿ, "ಬಿಸ್ಲಲ್ ಬಂದ್ವಿ, ವಸಿ ಕೂತ್ಕತೀವಿ ಬುದ್ಧಿ" ಅಂದರು. ಕೂತೆವು. ಕಾಫಿ ಬಂತು. ಮಳೆ, ನಾಲೆ ನೀರು, ಫ್ಯಾಕ್ಟರಿಯವರು ಕೊಡಬೇಕಾದ ಬಾಕಿ, ಎಲ್ಲ ಮಾತಾಯಿತು. ಮಾರುವವರು ಎರಡು ಸಲ "ಸ್ಟಾರ್ಟ್ ಮಾಡಿ ತೋರಿಸ್ಲಾ?" ಅಂದರು. ಅಪ್ಪ "ತಡೀರಿ, ಆತುರ ಏನೈತೆ" ಅಂದರು. ಎರಡು ಗಂಟೆ ಕೂತಿದ್ದೆವು. ನನಗೆ ಹಸಿವು. ಆಮೇಲೆ ಎದ್ದು ಹೋಗಿ ಮತ್ತೆ ಅಂಗೈ ಇಟ್ಟು, "ಈಗ್ ಮಾಡಿ" ಅಂದರು.

ಸ್ಟಾರ್ಟ್ ಆಗಲಿಲ್ಲ. ಮೂರು ಸಲ, ನಾಲ್ಕು ಸಲ ತಿರುಗಿಸಿದರು. ಐದನೇ ಸಲ ಕೆಮ್ಮಿಕೊಂಡು ಎದ್ದು ಬೆಳ್ಳಗೆ ಹೊಗೆ ಬಿಟ್ಟಿತು. ಅಷ್ಟರಲ್ಲಿ ನಾನು ಆರ್‌ಸಿ ಪುಸ್ತಕ ನೋಡುತ್ತಿದ್ದೆ. ಅದರಲ್ಲಿ ಇನ್ನೂ ಬ್ಯಾಂಕಿನ ಹೆಸರು ಇತ್ತು, ಸಾಲ ತೀರಿಲ್ಲ ಅಂತ ಅರ್ಥ. ಅಪ್ಪನ ಕಿವಿಯಲ್ಲಿ ಹೇಳಿದೆ. ಅವರು ತಲೆಯಾಡಿಸಿ, ಮಾರುವವರಿಗೆ ಒಂದೂ ಕೆಟ್ಟ ಮಾತು ಆಡದೆ, ಕಾಫಿಗೆ ಕೈಮುಗಿದು ಹೊರಟರು. ಬಸ್ಸಿನಲ್ಲಿ ಬರುವಾಗ ಹೇಳಿದರು: "ಬಿಸಿ ಎಂಜಿನ್ ಎಲ್ಲಾನೂ ಚೆನ್ನಾಗೇ ಸುರು ಆಯ್ತದೆ ಕಣವ್ವ. ನಾವ್ ಬರೋ ಮುಂಚೇನೇ ಬಿಸಿ ಮಾಡಿಟ್ಟವ್ರೆ ಅಂದ್ರೆ ಯಾಕ್ ಮಾಡಿಟ್ರು?"

ಮುಂದಿನ ತಿಂಗಳು ತಂದಿದ್ದು 35 ಎಚ್‌ಪಿ ಮ್ಯಾಸಿ. ಪಕ್ಕದ ಮನೆಯವರು 50 ಎಚ್‌ಪಿದು ತಂದಿದ್ದರು. ನಮಗೂ ಅಂಥದ್ದೇ ಬೇಕು ಅಂತ ನಾನೂ ನನ್ನ ತಮ್ಮನೂ ಹಟ ಮಾಡಿದೆವು. ನಮ್ಮದು ನಾಲ್ಕೂವರೆ ಎಕರೆ. ಗದ್ದೆಗೆ ಹೋಗಬೇಕಾದರೆ ನಾಲೆ ಏರಿ ಮೇಲಿನ ಕಿರಿದಾದ ದಾರಿ. ಅಪ್ಪ ಆ ದಾರಿಯನ್ನು ಮೊದಲೇ ಹೆಜ್ಜೆ ಹಾಕಿ ಅಳೆದಿದ್ದರು. ಆ ಮ್ಯಾಸಿ ಇವತ್ತಿಗೂ ನಮ್ಮ ಕೊಟ್ಟಿಗೆಯಲ್ಲಿದೆ, ಓಡುತ್ತದೆ.

ತಕ್ಕಡಿ

ನಾವು ನಾಲ್ವರು ಯಾರು ಅಂತ ಹೇಳಬೇಕು. ನಾನು, ಕುವೆಂಪುನಗರದ ಒಬ್ಬ ಡಾಕ್ಟ್ರು, ಹೆಬ್ಬಾಳದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಹುಡುಗ, ಮತ್ತೆ ಮಂಡ್ಯದಲ್ಲಿ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ ಇಟ್ಟಿರುವ ಅಣ್ಣ ಒಬ್ಬರು. ಎಲ್ಲರಿಗೂ ಖಾಸಗಿ ಪೈಲಟ್ ಲೈಸೆನ್ಸ್ ಇದೆ. ಕಲಿಯುವ ಕಾಲದಲ್ಲಿ ಪರಿಚಯವಾದವರು. ಕನಿಷ್ಠ 40 ಗಂಟೆ ಹಾರಾಟ, ಪರೀಕ್ಷೆಗಳು, ಮೆಡಿಕಲ್, ರೇಡಿಯೋ ಪರವಾನಗಿ ಅಂತ ಒಟ್ಟಿಗೆ ಓಡಾಡಿದವರ ಸ್ನೇಹ ಗಟ್ಟಿ. ಕಲಿಯುವ ಮುಂಚೆಯೂ ನಾನು ನಂಜನಗೂಡು ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿ, ಮಂಡಕಳ್ಳಿಯ ಕಾಂಪೌಂಡ್ ಆಚೆ ತರಬೇತಿ ವಿಮಾನಗಳು ಇಳಿದು ಮತ್ತೆ ಏಳುವುದನ್ನು ನೋಡುತ್ತಾ ನಿಲ್ಲುತ್ತಿದ್ದೆ. ಮೈಸೂರು ಸಂಸ್ಥಾನದವರು 1940ರ ದಶಕದಲ್ಲಿ ಮಾಡಿಸಿದ ಏರ್‌ಫೀಲ್ಡ್ ಅದು. ರಸ್ತೆ ಬದಿ ಎಳನೀರು ಕುಡಿಯುತ್ತಾ ವಿಮಾನ ನೋಡುವ ಸುಖ ಬೇರೆ ಊರಿನವರಿಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಎರಡು ಸೀಟು ಅಂತ ತೀರ್ಮಾನವಾದ ಮೇಲೆ ಮೊದಲ ಆಲೋಚನೆ ಮೈಕ್ರೋಲೈಟ್, ಅಂದರೆ ತೀರ ಹಗುರಾದ ಪುಟ್ಟ ವಿಮಾನದ ಕಡೆ ಹೋಯಿತು. ಎಲ್ಲಕ್ಕಿಂತ ಅಗ್ಗ. ಬೆಂಗಳೂರಿನ ರಾಜ್ ಹಂಸ ಅಲ್ಟ್ರಾಲೈಟ್ಸ್‌ನವರು ತಯಾರಿಸಿದ ಎಕ್ಸ್-ಏರ್ ಅನ್ನುವ ಕೊಳವೆ–ಬಟ್ಟೆಯ ಪುಟ್ಟ ವಿಮಾನಗಳು ಯುರೋಪು, ಅಮೆರಿಕದ ತನಕ ಹೋಗಿವೆ. ನಮ್ಮದೇ ರಾಜ್ಯದ್ದು ಅನ್ನುವ ಪ್ರೀತಿಯೂ ಇತ್ತು. ಆದರೆ ಅಂಗಡಿ ಅಣ್ಣ ಒಂದು ಮಾತು ಹೇಳಿದರು, "ಮೊದ್ಲು ನಾವು ತಕ್ಕಡಿ ಮೇಲ್ ನಿಲ್ಲಾಣ." ಅವರ ಅಂಗಡಿಯ ತೂಕದ ಯಂತ್ರದ ಮೇಲೆ ನಾಲ್ಕೂ ಜನ ನಿಂತೆವು. ನಾನು 68 ಕೆ.ಜಿ., ಡಾಕ್ಟ್ರು 92.

ಈಗ ಲೆಕ್ಕ ನೋಡಿ. ನಮ್ಮ ದೇಶದಲ್ಲಿ ಎರಡು ಸೀಟಿನ ಮೈಕ್ರೋಲೈಟ್‌ಗೆ ಬಹುಕಾಲದಿಂದ ಇರುವ ಮಿತಿ 450 ಕೆ.ಜಿ. ವಿಮಾನ, ಜನ, ಪೆಟ್ರೋಲು ಎಲ್ಲ ಸೇರಿ. ಖಾಲಿ ವಿಮಾನ 280 ಕೆ.ಜಿ. ಅಂತಿಟ್ಟುಕೊಂಡರೆ ಉಳಿದಿದ್ದು 170. ನಾನೂ ಡಾಕ್ಟ್ರೂ ಕೂತರೆ 160. ಮಿಕ್ಕ ಹತ್ತು ಕೆ.ಜಿ.ಯಲ್ಲಿ ಎಷ್ಟು ಪೆಟ್ರೋಲು ಹಿಡಿಯುತ್ತದೆ? ಸುಮಾರು 14 ಲೀಟರ್. ಇಳಿಯುವ ಹೊತ್ತಿಗೆ ಅರ್ಧ ಗಂಟೆಯಷ್ಟಾದರೂ ಉಳಿದಿರಬೇಕು ಅಂದರೆ ಕೆ.ಆರ್.ಎಸ್. ಒಂದು ಸುತ್ತು ಹಾಕಿ ಬರುವುದೂ ಕಷ್ಟ. ಇನ್ನೂ ಹಗುರಾದ ಮೈಕ್ರೋಲೈಟ್‌ಗಳಿವೆ, ಹಗುರಾದ ಪೈಲಟ್‌ಗಳೂ ಇದ್ದಾರೆ. ಅಂಥವರಿಗೆ ಅದು ತುಂಬ ಒಳ್ಳೆಯ ಮೊದಲ ವಿಮಾನ. ನಮ್ಮ ನಾಲ್ವರಿಗೆ ಹೊಂದಲಿಲ್ಲ, ಅಷ್ಟೇ. 600 ಕೆ.ಜಿ. ತನಕ ಹೋಗುವ ಲೈಟ್ ಸ್ಪೋರ್ಟ್ ವರ್ಗದಲ್ಲಿ ಈ ಕಷ್ಟ ಕಡಿಮೆ, ಆದರೆ ಬೆಲೆ ಮೇಲೇರುತ್ತದೆ.

ಸೆಸ್ನಾ 150 ಮತ್ತು 152ರಲ್ಲೂ ತಕ್ಕಡಿ ತನ್ನ ಕೆಲಸ ಮಾಡುತ್ತದೆ. 150ರ ಗರಿಷ್ಠ ತೂಕ 726 ಕೆ.ಜಿ. ಖಾಲಿ ಇದ್ದಾಗ 500ರ ಆಸುಪಾಸು. ಟ್ಯಾಂಕ್ ತುಂಬಿಸಿದರೆ 98 ಲೀಟರ್, ಅಂದರೆ 70 ಕೆ.ಜಿ. ಉಳಿದ 155ರಲ್ಲಿ ನಾವಿಬ್ಬರು ಹಿಡಿಯುವುದಿಲ್ಲ. ಟ್ಯಾಂಕ್ ಪೂರ್ತಿ ತುಂಬಿಸದೆ ಹೋಗಬೇಕು. 152ರಲ್ಲಿ ಮಿತಿ 757, ಹಾಗಾಗಿ ಕೂದಲೆಳೆಯಷ್ಟು ಜಾಗ ಸಿಗುತ್ತದೆ. ಎರಡು ಸೀಟು ಇದೆ ಅಂದ ಮಾತ್ರಕ್ಕೆ ಇಬ್ಬರು ದೊಡ್ಡವರು, ತುಂಬಿದ ಟ್ಯಾಂಕು, ಒಂದು ಬ್ಯಾಗು ಎಲ್ಲ ಒಟ್ಟಿಗೆ ಹೋಗಬಹುದು ಅಂತಲ್ಲ. ಮೊದಲ ವಿಮಾನ ನೋಡುವವರು ಬಣ್ಣ ನೋಡುವ ಮೊದಲು ಆ ವಿಮಾನದ ತೂಕದ ಹಾಳೆ ಕೇಳಬೇಕು. ಒಂದೇ ಮಾದರಿಯ ಎರಡು ವಿಮಾನಗಳ ಖಾಲಿ ತೂಕವೂ ಒಂದೇ ಇರುವುದಿಲ್ಲ. ವರ್ಷಗಳಲ್ಲಿ ರೇಡಿಯೋ ಸೇರುತ್ತದೆ, ಪೇಂಟ್ ಮೇಲೆ ಪೇಂಟ್ ಕೂರುತ್ತದೆ.

ಮೈಸೂರಿನವರು ಇನ್ನೊಂದು ವಿಷಯವನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಮಂಡಕಳ್ಳಿ ಸಮುದ್ರ ಮಟ್ಟದಿಂದ ಸುಮಾರು 2,350 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ದಾಗ ಗಾಳಿ ತೆಳುವಾಗಿ, ವಿಮಾನಕ್ಕೆ ಅದು 5,000 ಅಡಿಗಿಂತಲೂ ಮೇಲಿನ ಗಾಳಿಯ ಹಾಗೆ ಅನ್ನಿಸುತ್ತದೆ. 100 ಎಚ್‌ಪಿ ಎಂಜಿನ್ ಅಲ್ಲಿ ಸುಮಾರು 85ರ ಎಂಜಿನ್ ಆಗಿಬಿಡುತ್ತದೆ. ರನ್‌ವೇ 1,740 ಮೀಟರ್, ಸಾಕಷ್ಟು ಉದ್ದ. ನೆಲ ಬಿಡುವುದು ಕಷ್ಟವಲ್ಲ, ಮೇಲೇರುವುದು ನಿಧಾನ. ಮೊದಲ ಸಲ ಏಪ್ರಿಲ್‌ನಲ್ಲಿ ಇಬ್ಬರು ಕೂತು ಎದ್ದಾಗ ತೆಂಗಿನ ತೋಟಗಳು ಸರಿಯುತ್ತಲೇ ಇದ್ದವು, ಚಿಕ್ಕದಾಗುತ್ತಿರಲಿಲ್ಲ. ಆ ದಿನದಿಂದ ನಾನು ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರ ಒಳಗೆ ಇಳಿದುಬಿಡುತ್ತೇನೆ.

ಕಬ್ಬು ಬೆರೆತ ಪೆಟ್ರೋಲು

ಈಗಿನ ಪುಟ್ಟ ವಿಮಾನಗಳಲ್ಲಿ ಜಾಸ್ತಿ ಕಾಣುವ ಎಂಜಿನ್ ಆಸ್ಟ್ರಿಯಾದ ರೋಟಾಕ್ಸ್ 912. 80 ಅಥವಾ 100 ಎಚ್‌ಪಿ. ಹಳೆಯ ಕಾಂಟಿನೆಂಟಲ್, ಲೈಕಮಿಂಗ್ ಎಂಜಿನ್‌ಗಳಿಗಿಂತ ಹಗುರ, ಕಡಿಮೆ ಕುಡಿಯುತ್ತದೆ. ಬೆಂಗಳೂರಿನ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಹಂಸ ವಿಮಾನದಲ್ಲೂ ರೋಟಾಕ್ಸ್ ಎಂಜಿನ್ನೇ. ಇದರ ದೊಡ್ಡ ಆಕರ್ಷಣೆ ಏನೆಂದರೆ ಕಾರಿನ ಪೆಟ್ರೋಲಿನಲ್ಲಿ ಓಡುತ್ತದೆ. ಹಳೆಯ ಎಂಜಿನ್‌ಗಳಿಗೆ ಬೇಕಾದ ಅವ್‌ಗ್ಯಾಸ್, ಆ ತಿಳಿನೀಲಿ ಬಣ್ಣದ ವಿಮಾನ ಪೆಟ್ರೋಲು, ಎಲ್ಲ ಏರ್‌ಫೀಲ್ಡ್‌ನಲ್ಲೂ ಸಿಗುವುದಿಲ್ಲ, ಬೆಲೆಯೂ ಜಾಸ್ತಿ. 2022ರ ತನಕ ನಾವು ಅದನ್ನು ಪೂರ್ತಿ ಹೊರದೇಶದಿಂದಲೇ ತರಿಸುತ್ತಿದ್ದೆವು. ಆ ವರ್ಷ ಇಂಡಿಯನ್ ಆಯಿಲ್‌ನವರು ವಡೋದರದಲ್ಲಿ ತಯಾರಿಸಲು ಶುರು ಮಾಡಿದರು.

ಹಾಗಾದರೆ ರೋಟಾಕ್ಸ್ ಇರುವ ವಿಮಾನ ತಗೊಂಡು ಬಂಕ್‌ನಲ್ಲಿ ಕ್ಯಾನ್ ತುಂಬಿಸಿಕೊಂಡು ಬಂದರಾಯಿತು, ಅಲ್ವಾ? ನಾವೂ ಹಾಗೇ ಅಂದುಕೊಂಡೆವು. ಆದರೆ ರೋಟಾಕ್ಸ್‌ನವರು 912ಕ್ಕೆ ಒಪ್ಪಿರುವುದು ಹೆಚ್ಚೆಂದರೆ ಶೇ. 10 ಎಥನಾಲ್ ಇರುವ ಪೆಟ್ರೋಲು. ನಮ್ಮ ಬಂಕ್‌ಗಳಲ್ಲಿ ಈಗ ಸಿಗುತ್ತಿರುವುದು ಶೇ. 20. ಆ ಎಥನಾಲ್ ಎಲ್ಲಿಂದ ಬರುತ್ತದೆ? ಒಂದು ದೊಡ್ಡ ಪಾಲು ಕಬ್ಬಿನಿಂದ. ಅಪ್ಪ ಬೆಳೆಯುವಂಥ ಕಬ್ಬೇ ಪೆಟ್ರೋಲಿಗೆ ಸೇರಿ, ಮಗಳ ವಿಮಾನಕ್ಕೆ ಆಗದ ಹಾಗಾಗಿದೆ. ಇದನ್ನು ಅಪ್ಪನಿಗೆ ಹೇಳಿದಾಗ ಅವರು ತುಂಬ ಹೊತ್ತು ಯೋಚನೆ ಮಾಡಿದರು. ಕಬ್ಬಿಗೆ ಬೇಡಿಕೆ ಬಂದರೆ ಅವರಿಗೆ ಒಳ್ಳೆಯದು, ನನಗೂ ಒಳ್ಳೆಯದು. ನನ್ನ ಭಾನುವಾರದ ಹಾರಾಟಕ್ಕಾಗಿ ಅದನ್ನು ಬೇಡ ಅನ್ನುವ ಮನಸ್ಸು ನನಗಿಲ್ಲ.

ಎಥನಾಲ್ ಇದೆಯಾ ಅಂತ ನೋಡಲು ಸುಲಭದ ದಾರಿಯೊಂದಿದೆ. ಉದ್ದನೆಯ ಗಾಜಿನ ಕೊಳವೆಗೆ ಒಂದು ಗುರುತಿನ ತನಕ ನೀರು ಹಾಕಿ, ಮೇಲೆ ಪೆಟ್ರೋಲು ತುಂಬಿ, ಚೆನ್ನಾಗಿ ಕುಲುಕಿ ಇಡುವುದು. ಎಥನಾಲ್ ನೀರಿನ ಜೊತೆ ಸೇರಿಕೊಳ್ಳುತ್ತದೆ. ಸ್ವಲ್ಪ ಹೊತ್ತಿನ ಮೇಲೆ ನೀರಿನ ಮಟ್ಟ ಗುರುತಿಗಿಂತ ಮೇಲೆ ಬಂದಿದ್ದರೆ ಎಥನಾಲ್ ಇದೆ ಅಂತ. ಅಂಗಡಿ ಅಣ್ಣ ನಾಲ್ಕು ಬಂಕ್‌ಗಳ ಪೆಟ್ರೋಲು ತಂದು ಸಾಲಾಗಿ ಇಟ್ಟು ತೋರಿಸಿದರು. ನಾಲ್ಕರಲ್ಲೂ ನೀರು ಮೇಲೆ ಬಂದಿತ್ತು. ರೋಟಾಕ್ಸ್ ಅವ್‌ಗ್ಯಾಸ್‌ನಲ್ಲೂ ಓಡುತ್ತದೆ, ಆದರೆ ಅದರಲ್ಲಿರುವ ಸೀಸ ಎಂಜಿನ್ ಒಳಗೆ ಕೂರುತ್ತದೆ, ಎಣ್ಣೆಯನ್ನು ಬೇಗ ಬೇಗ ಬದಲಿಸಬೇಕು. ಹೇಗಿದ್ದರೂ ಅವ್‌ಗ್ಯಾಸೇ ಹಾಕಬೇಕು ಅಂದ ಮೇಲೆ ಹಳೆಯ ಎಂಜಿನ್‌ಗಳನ್ನು ದೂರ ಇಡುವ ಕಾರಣ ಅರ್ಧ ಕಮ್ಮಿಯಾಯಿತು.

ಮೂರು ವರ್ಷ, ಹನ್ನೊಂದು ಗಂಟೆ

ಜೂನ್‌ನಲ್ಲಿ ಒಂದು ಸುದ್ದಿ ಬಂತು. ಬೇರೆ ಊರಿನ ಏರ್‌ಫೀಲ್ಡ್‌ನಲ್ಲಿ ಎರಡು ಸೀಟಿನ ಹಳೆಯ ಸೆಸ್ನಾ ಒಂದು ಮಾರಾಟಕ್ಕಿದೆ, ಬೆಲೆ ಕಮ್ಮಿ, ನೋಡಲು ಚೆನ್ನಾಗಿದೆ ಅಂತ. ಸೆಸ್ನಾ 150ಗಳು 1958ರಿಂದ 1977ರ ತನಕ ತಯಾರಾದವು, ಹತ್ತಿರ ಹತ್ತಿರ 24,000. ಆಮೇಲೆ 1985ರ ತನಕ 152, ಸುಮಾರು 7,500. ಅಂದರೆ ಇವುಗಳಲ್ಲಿ ಕೊನೆಗೆ ತಯಾರಾದದ್ದಕ್ಕೂ ಈಗ ಸುಮಾರು 40 ವರ್ಷ. ಅಷ್ಟು ವಯಸ್ಸಿನ ವಿಮಾನವನ್ನು ನಂಬಬಹುದಾ ಅಂತ ಸ್ನೇಹಿತರು ಕೇಳುತ್ತಾರೆ. ವಯಸ್ಸೊಂದನ್ನೇ ನೋಡಿ ಏನೂ ಹೇಳಲು ಆಗುವುದಿಲ್ಲ. ಯಾರ ಕೈಯಲ್ಲಿತ್ತು, ಎಲ್ಲಿ ನಿಂತಿತ್ತು, ಎಷ್ಟು ಹಾರಿತು, ಯಾರು ಏನು ಬರೆದರು ಅಂತ ನೋಡಬೇಕು.

ನಾನೂ ಡಾಕ್ಟ್ರೂ ಹೋದೆವು. ಬೆಳಿಗ್ಗೆ ಎಂಟಕ್ಕೆ ಬರುತ್ತೇವೆ ಅಂತ ಹೇಳಿದ್ದೆವು. ಶೆಡ್ಡಿನ ಬಾಗಿಲು ತೆರೆದಿತ್ತು. ಬಿಳಿ ಮೈ, ನೀಲಿ ಪಟ್ಟಿ, ಹೊಳೆಯುವ ಪ್ರೊಪೆಲ್ಲರ್. ಸೀಟಿಗೆ ಹೊಸ ಲೆದರ್. ಡಾಕ್ಟ್ರ ಮುಖ ಅರಳಿತು. ನಾನು ಮಾತಾಡದೆ ಹೋಗಿ ಎಂಜಿನ್ ಮುಚ್ಚಳದ ಮೇಲೆ ಅಂಗೈ ಇಟ್ಟೆ.

ಬೆಚ್ಚಗಿತ್ತು.

ಒಂದು ಕಾರಣಕ್ಕೇ ತೀರ್ಮಾನಕ್ಕೆ ಬರಬಾರದು ಅಂತ ನನಗೇ ಹೇಳಿಕೊಂಡೆ. ಬೆಳಿಗ್ಗೆ ಪರೀಕ್ಷೆ ಮಾಡಲು ಓಡಿಸಿರಬಹುದು. ಲಾಗ್‌ಬುಕ್ ಕೇಳಿದೆ. ವಿಮಾನದ್ದು ಒಂದು, ಎಂಜಿನ್ನಿನದು ಒಂದು, ಪ್ರೊಪೆಲ್ಲರಿನದು ಒಂದು, ಮೂರು ಪುಸ್ತಕ. ಶೆಡ್ಡಿನ ಹೊರಗೆ ಕಲ್ಲು ಬೆಂಚಿನ ಮೇಲೆ ಕೂತು ಮೊದಲ ಪುಟದಿಂದ ಓದಿದೆ. ಮಾರುವವರಿಗೆ ಇಷ್ಟವಾಗಲಿಲ್ಲ, "ಹಾರಿಸಿ ನೋಡಿ ಮೇಡಂ, ಓದೋದೇನಿದೆ" ಅಂದರು. ನನಗೆ ಪಾಂಡವಪುರದ ತೆಂಗಿನ ಮರ ನೆನಪಾಯಿತು. ಓದುತ್ತಾ ಹೋದೆ. ಮೊದಲ ಹಲವು ವರ್ಷ ಚೆನ್ನಾಗಿ ಬರೆದಿದ್ದರು. ಪ್ರತಿ 50 ಗಂಟೆಗೆ ಎಣ್ಣೆ, ಪ್ರತಿ ವರ್ಷದ ತಪಾಸಣೆ, ತಯಾರಕರು ಮತ್ತು ಸರ್ಕಾರ ಹೊರಡಿಸಿದ ಕಡ್ಡಾಯ ಸೂಚನೆಗಳಿಗೆ ಒಂದೊಂದಕ್ಕೂ ಸಹಿ. ಆಮೇಲೆ ಒಂದು ಕಡೆ ಕೈಬರಹ ಬದಲಾಯಿತು. ಕೊನೆಯ ಮೂರು ವರ್ಷದಲ್ಲಿ ವಿಮಾನ ಹಾರಿದ್ದು ಒಟ್ಟು ಹನ್ನೊಂದು ಗಂಟೆ.

ತಿಳಿಯದವರಿಗೆ ಇದು ಒಳ್ಳೆಯ ಸುದ್ದಿ ಅನ್ನಿಸುತ್ತದೆ. ಕಮ್ಮಿ ಓಡಿದೆ, ಸವೆದಿಲ್ಲ ಅಂತ. ವಿಮಾನದ ಎಂಜಿನ್ ವಿಷಯದಲ್ಲಿ ಇದು ತಿರುಗುಮುರುಗು. ಲೈಕಮಿಂಗ್ ಎಂಜಿನ್‌ಗಳಲ್ಲಿ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಮೇಲುಗಡೆ ಇರುತ್ತದೆ. ಎಂಜಿನ್ ನಿಂತ ಮೇಲೆ ಎಣ್ಣೆ ಕೆಳಗಿಳಿದು ಅದು ಒಣಗುತ್ತದೆ. ಮಳೆಗಾಲದ ತೇವಕ್ಕೆ ಸಣ್ಣಗೆ ತುಕ್ಕು ಹಿಡಿಯುತ್ತದೆ. ಮುಂದೆ ಓಡಿಸಿದಾಗ ಆ ತುಕ್ಕೇ ಅರ ಹಾಕಿದ ಹಾಗೆ ಲೋಹವನ್ನು ತಿನ್ನುತ್ತದೆ. ಅದಕ್ಕೇ ಓವರ್‌ಹಾಲ್‌ಗೆ, ಅಂದರೆ ಎಂಜಿನ್ ಪೂರ್ತಿ ಬಿಚ್ಚಿ ಸವೆದದ್ದನ್ನು ಬದಲಿಸಿ ಮತ್ತೆ ಜೋಡಿಸುವುದಕ್ಕೆ, ಗಂಟೆಯ ಲೆಕ್ಕದ ಜೊತೆ ವರ್ಷದ ಲೆಕ್ಕವನ್ನೂ ಕೊಟ್ಟಿರುವುದು. ಲೈಕಮಿಂಗ್, ಕಾಂಟಿನೆಂಟಲ್ ಎರಡೂ ಹೇಳುವುದು 12 ವರ್ಷ. ಓವರ್‌ಹಾಲ್ ಅಂದರೆ ಸಣ್ಣ ಖರ್ಚಲ್ಲ. ಈ ಹಳೆಯ ವಿಮಾನಗಳಲ್ಲಿ ಒಮ್ಮೊಮ್ಮೆ ವಿಮಾನದ ಬೆಲೆಯ ಅರ್ಧಕ್ಕೂ ಮೀರುತ್ತದೆ. ಹಾಗಾಗಿ ಕಮ್ಮಿ ಬೆಲೆಗೆ ಸಿಗುವ ವಿಮಾನದ ಎಂಜಿನ್ ಎಷ್ಟು ಉಳಿದಿದೆ ಅಂತ ನೋಡದೆ ಅದನ್ನು ಅಗ್ಗ ಅನ್ನಲು ಆಗುವುದಿಲ್ಲ.

ಪ್ರೊಪೆಲ್ಲರಿನ ಪುಸ್ತಕದಲ್ಲಿ ಇನ್ನೊಂದು ಸಿಕ್ಕಿತು. ನಾಲ್ಕು ವರ್ಷದ ಹಿಂದೆ ಪ್ರೊಪೆಲ್ಲರ್ ಬದಲಿಸಿದ್ದರು. ಯಾಕೆ ಅಂತ ಬರೆದಿರಲಿಲ್ಲ. ಪ್ರೊಪೆಲ್ಲರ್ ನೆಲಕ್ಕೆ ಬಡಿದರೆ ಆ ಪೆಟ್ಟು ನೇರವಾಗಿ ಅದನ್ನು ತಿರುಗಿಸುವ ಎಂಜಿನ್ ಒಳಗಿನ ದಂಡಕ್ಕೆ, ಕ್ರ್ಯಾಂಕ್‌ಶಾಫ್ಟಿಗೆ ಹೋಗುತ್ತದೆ. ಅಂಥ ಸಂದರ್ಭದಲ್ಲಿ ಎಂಜಿನ್ ಬಿಚ್ಚಿ ನೋಡಲೇಬೇಕು. ಎಂಜಿನ್ ಪುಸ್ತಕದಲ್ಲಿ ಆ ತಿಂಗಳಲ್ಲಿ ಏನೂ ಇರಲಿಲ್ಲ. ಕೇಳಿದೆ. ಮಾರುವವರು "ಹಳೇದಾಗಿತ್ತು, ಬದಲಿಸಿದ್ವಿ" ಅಂದರು. ನಿಜವೇ ಇರಬಹುದು. ಆದರೆ ನನ್ನ ಪಕ್ಕದಲ್ಲಿ ಕೂರುವವರ ಜೀವವನ್ನು "ಇರಬಹುದು" ಅನ್ನುವುದರ ಮೇಲೆ ಇಡಲು ನನಗೆ ಆಗುವುದಿಲ್ಲ. ಕೈಮುಗಿದು ಹೊರಟೆವು. ಕಾರಿನಲ್ಲಿ ಡಾಕ್ಟ್ರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನೊಬ್ಬನೇ ಹೋಗಿದ್ದಿದ್ರೆ ಅಡ್ವಾನ್ಸ್ ಕೊಟ್ಟು ಬಂದಿರ್ತಿದ್ದೆ" ಅಂದರು.

ನಾಲ್ಕು ಜನ ಯಾಕೆ

ಒಬ್ಬಳೇ ಕೊಳ್ಳುವ ಶಕ್ತಿ ನನಗಿಲ್ಲ. ಇದ್ದಿದ್ದರೂ ಕೊಳ್ಳುತ್ತಿರಲಿಲ್ಲ. ವಿಮಾನ ಹಾರಿದರೂ ಹಾರದಿದ್ದರೂ ಕೆಲವು ಖರ್ಚು ನಿಲ್ಲುವುದಿಲ್ಲ. ನಿಲ್ಲಿಸುವ ಜಾಗದ ಬಾಡಿಗೆ, ಇನ್ಶೂರೆನ್ಸ್, ವರ್ಷಕ್ಕೊಮ್ಮೆ ಹಾರಾಟಕ್ಕೆ ಯೋಗ್ಯ ಅಂತ ಪತ್ರ ಪಡೆಯುವ ಕೆಲಸ, ಲೈಸೆನ್ಸ್ ಇರುವ ಎಂಜಿನಿಯರ್‌ಗೆ ಕೊಡುವುದು. ಇದೆಲ್ಲ ಗಂಟೆ ಲೆಕ್ಕ ಕೇಳುವುದಿಲ್ಲ. ವರ್ಷಕ್ಕೆ ನೂರು ಗಂಟೆ ಹಾರದವರು ಬಾಡಿಗೆಗೆ ಹಾರಿಸುವುದೇ ಲೇಸು ಅಂತ ಹಳೆಯ ಪೈಲಟ್‌ಗಳು ಹೇಳುತ್ತಾರೆ. ನಾನು ನನ್ನ ಭಾನುವಾರಗಳನ್ನು ಎಣಿಸಿದೆ. ಮುಂಗಾರಿನ ಮೋಡದ ವಾರಗಳು ಹೋದವು. ಚಳಿಗಾಲದಲ್ಲಿ ಮಂಜು ಕರಗದ ಬೆಳಗುಗಳು ಹೋದವು. ಮದುವೆ, ಗೃಹಪ್ರವೇಶ, ಹಬ್ಬ, ಊರ ಜಾತ್ರೆ ಹೋದವು. ಉಳಿದಿದ್ದು ಮೂವತ್ತು. ಒಂದೊಂದಕ್ಕೆ ಒಂದೂಕಾಲು ಗಂಟೆ ಅಂದರೆ ವರ್ಷಕ್ಕೆ ಸುಮಾರು 38 ಗಂಟೆ. ಒಬ್ಬಳಿಗೆ ವಿಮಾನ ಬೇಕಿಲ್ಲ. ನಾಲ್ಕು ಜನ ಸೇರಿದರೆ 150 ಗಂಟೆ. ಎಂಜಿನ್ ಒಣಗುವುದಿಲ್ಲ, ಖರ್ಚು ಹಂಚಿಹೋಗುತ್ತದೆ. ಎರಡೂ ಒಂದೇ ಸಲ ಆಗುವುದು ನೋಡಿ ನನಗೆ ನಿಜವಾಗಿ ಖುಷಿಯಾಯಿತು.

ಕಾಗದದ ಮೇಲೆ ಒಪ್ಪಂದ ಬರೆದಿದ್ದೇವೆ. ಒಬ್ಬರು ಬಿಟ್ಟು ಹೋದರೆ ಅವರ ಪಾಲಿಗೆ ಬೆಲೆ ಹೇಗೆ ಕಟ್ಟುವುದು, ಒಬ್ಬರ ಕೈಯಲ್ಲಿ ಏನಾದರೂ ಮುರಿದರೆ ಯಾರು ಕೊಡುವುದು, ದಸರಾ ವಾರದಲ್ಲಿ ಯಾರಿಗೆ ಸರದಿ. ಒಬ್ಬೊಬ್ಬರೂ ಹಾರಿದ ಪ್ರತಿ ಗಂಟೆಗೆ ಇಷ್ಟು ಅಂತ ಓವರ್‌ಹಾಲ್ ಖಾತೆಗೆ ಹಾಕಬೇಕು. ಈ ಕೊನೆಯ ಸಾಲನ್ನು ಅಂಗಡಿ ಅಣ್ಣ ಬರೆಸಿದ್ದು. ಸ್ನೇಹಿತರಲ್ಲಿ ಇಷ್ಟೆಲ್ಲ ಬರೆದುಕೊಳ್ಳಬೇಕಾ ಅಂತ ಸಾಫ್ಟ್‌ವೇರ್ ಹುಡುಗ ಕೇಳಿದ. ಸ್ನೇಹ ಉಳಿಯಬೇಕು ಅಂತಲೇ ಬರೆದಿದ್ದು.

ಒಂದು ಆಸೆಯನ್ನು ಇಲ್ಲಿ ಹೇಳಿಬಿಡುತ್ತೇನೆ. ಎಚ್‌ಎಎಲ್‌ನವರು ಬೆಂಗಳೂರಿನಲ್ಲಿ ಮಾಡಿದ ಪುಷ್ಪಕ್ ಅಂತ ಒಂದು ವಿಮಾನವಿತ್ತು. 1958ರಲ್ಲಿ ಮೊದಲು ಹಾರಿತು. ಉಕ್ಕಿನ ಕೊಳವೆಯ ಚೌಕಟ್ಟಿಗೆ ಬಟ್ಟೆ ಹೊದಿಸಿದ್ದು, ಎರಡು ಸೀಟು, 90 ಎಚ್‌ಪಿ, ಹಿಂದೆ ಪುಟ್ಟ ಚಕ್ರ. ಸುಮಾರು 150 ತಯಾರಾದವು, ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಜನ ಅದರಲ್ಲೇ ಕಲಿತರು. ಅಂಥದ್ದೊಂದನ್ನು ಹುಡುಕಿ ರಿಪೇರಿ ಮಾಡಿ ಹಾರಿಸಬೇಕು ಅಂತ ಮನಸ್ಸು ಎಳೆಯುತ್ತದೆ. ಆದರೆ ಬಿಡಿಭಾಗ ಸಿಗದ ವಿಮಾನ ಮೊದಲ ವಿಮಾನವಾಗಬಾರದು. ಸೆಸ್ನಾ 152ಕ್ಕೆ ಟೈರಿನಿಂದ ಹಿಡಿದು ಬಾಗಿಲ ಹಿಡಿಕೆ ತನಕ ಇವತ್ತಿಗೂ ಸಿಗುತ್ತದೆ, ಅದರ ಮೇಲೆ ಕೈಯಾಡಿಸಿದ ಎಂಜಿನಿಯರ್‌ಗಳೂ ಇದ್ದಾರೆ. ಪುಷ್ಪಕ್ ಇನ್ನೊಂದು ಕಾಲಕ್ಕೆ ಇರಲಿ.

ಈಗ ಒಂದು 152 ಕಣ್ಣಿಗೆ ಬಿದ್ದಿದೆ. ಕಲಿಸಲು ಇಟ್ಟಿದ್ದ ವಿಮಾನ. ಪೇಂಟ್ ಮಂಕಾಗಿದೆ, ಸೀಟು ಸವೆದಿದೆ, ಒಟ್ಟು 9,000 ಗಂಟೆ ಹಾರಿದೆ. ಆದರೆ ಪ್ರತಿ ವಾರ ಹಾರಿದೆ. ಲಾಗ್‌ಬುಕ್‌ನಲ್ಲಿ ಒಂದು ತಿಂಗಳೂ ಖಾಲಿ ಇಲ್ಲ, ಎಂಜಿನ್ ಓವರ್‌ಹಾಲ್ ಆಗಿ 900 ಗಂಟೆ. ನಾನು ಎರಡು ಸಂಜೆ ಕೂತು ಎಲ್ಲ ಪುಟ ಓದಿದೆ. ಬರುವ ಭಾನುವಾರ ನಮ್ಮ ಕಡೆಯ ಎಂಜಿನಿಯರ್ ಬಂದು ಬಿಚ್ಚಿ ನೋಡುತ್ತಾರೆ. ಸಿಲಿಂಡರ್‌ಗಳಿಗೆ 80 ಪಿಎಸ್‌ಐ ಗಾಳಿ ಕೊಟ್ಟು ಎಷ್ಟು ನಿಲ್ಲುತ್ತದೆ ಅಂತ ಅಳೆಯುತ್ತಾರೆ, ಎಣ್ಣೆಯ ಫಿಲ್ಟರ್ ಕತ್ತರಿಸಿ ಲೋಹದ ಚೂರು ಹುಡುಕುತ್ತಾರೆ, ರೆಕ್ಕೆಯ ಒಳಗೆ ಬೆಳಕು ಬಿಟ್ಟು ಬಿಳಿ ಪುಡಿಯಂಥ ತುಕ್ಕು ಇದೆಯಾ ನೋಡುತ್ತಾರೆ. ಅಲ್ಲಿಯ ತನಕ ಒಂದು ರೂಪಾಯಿಯೂ ಕೊಟ್ಟಿಲ್ಲ.

ನಿನ್ನೆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಬರುತ್ತೀರಾ ಅಂತ ಕೇಳಿದೆ. ಎಲ್ಲಿಗೆ ಹೋಗುತ್ತೇನೆ ಅನ್ನುವುದನ್ನೂ ಹೇಳಿದೆ. ಭಾನುವಾರ ಬೆಳಿಗ್ಗೆ ಎದ್ದು, ಕಾವೇರಿ ಎರಡಾಗಿ ಒಡೆದು ಶ್ರೀರಂಗಪಟ್ಟಣವನ್ನು ತಬ್ಬುವ ಜಾಗದ ತನಕ ಹೋಗಿ, ನಮ್ಮ ಕಡೆಯ ಕಬ್ಬಿನ ಗದ್ದೆಗಳನ್ನು ಮೇಲಿಂದ ನೋಡಿ, ತಿಂಡಿ ಹೊತ್ತಿಗೆ ವಾಪಸ್. ಮೂವತ್ತು ಭಾನುವಾರ ಅದೇ.

"ಅಷ್ಟ್ ಸಾಕಲ್ವಾ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅವ್ರು ಎಷ್ಟ್ ಗಂಟೆಗ್ ಬತ್ತೀನಿ ಅಂದವ್ರೆ?"

"ಎಂಟಕ್ಕೆ ಕಣಪ್ಪ."

"ಏಳಕ್ಕೇ ಓಗಾನ ಬುಡು."